ತಮ್ಮನ ನಿದ್ದೆಯ ಲೆಕ್ಕ ಯಾರ ಕೈಯಲ್ಲಿರಬೇಕು?

ಮೇಡಂ, ನನ್ನನ್ನು ಚಿಂತಾಮಣಿಗೆ ಕೊಟ್ಟಿದ್ದಾರೆ. ತವರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ಅಪ್ಪ ರೇಷ್ಮೆ ಬೆಳೆಯುತ್ತಾರೆ. ತಮ್ಮನಿಗೆ ಇಪ್ಪತ್ತಾರು ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಹೋದ ವರ್ಷ ಅವನಿಗೆ ಕಾಯಿಲೆ ಕಾಣಿಸಿಕೊಂಡಿತು. ರಾತ್ರಿಯೆಲ್ಲ ಎಚ್ಚರ, ನಿಲ್ಲದ ಮಾತು, ಹೊತ್ತಲ್ಲದ ಹೊತ್ತಿನಲ್ಲಿ ಹಳೇ ಸ್ನೇಹಿತರಿಗೆಲ್ಲ ಫೋನು. ಆಟೊಮ್ಯಾಟಿಕ್ ರೀಲಿಂಗ್ ಯಂತ್ರ ಹಾಕುತ್ತೇನೆ, ಊರಿಗೆಲ್ಲ ಕೆಲಸ ಕೊಡುತ್ತೇನೆ ಎಂದು ಸಾಲಕ್ಕೆ ಓಡಾಡಿದ. ಮೊದಲು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋದೆವು, ಆಮೇಲೆ ನಿಮ್ಹಾನ್ಸ್‌ಗೆ. ಬೈಪೋಲಾರ್ ಎಂದರು, ಲಿಥಿಯಂ ಮಾತ್ರೆ ಶುರು ಮಾಡಿದರು. ಈಗ ಊರಲ್ಲೇ ಇದ್ದಾನೆ, ಅಪ್ಪನ ಜೊತೆ ಹುಳು ಮನೆ ನೋಡಿಕೊಳ್ಳುತ್ತಾನೆ.

ನಿದ್ದೆ ಗಮನಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ನಮ್ಮ ಯಜಮಾನರು ಅವನಿಗೊಂದು ಸ್ಮಾರ್ಟ್ ವಾಚ್ ತಂದುಕೊಟ್ಟರು. ಅದರ ಲೆಕ್ಕ ನನ್ನ ಫೋನಿಗೆ ಬರುತ್ತದೆ. ಅವನು ಎಲ್ಲಿದ್ದಾನೆ ಎಂದು ತೋರಿಸುವ ಆ್ಯಪನ್ನೂ ಅವನ ಫೋನಿಗೆ ಹಾಕಿದೆವು, ಅವನಿಗೆ ಹೇಳಿರಲಿಲ್ಲ. ಗೂಡು ಕಳವಾಗದಿರಲಿ ಎಂದು ಹಾಕಿಸಿದ್ದ ಕ್ಯಾಮೆರಾ ಒಂದನ್ನು ಅವನ ಕೋಣೆ ಬಾಗಿಲಿನ ಕಡೆಗೆ ತಿರುಗಿಸಿದೆವು. ಮಾತ್ರೆ ನುಂಗಿದ ಮೇಲೆ ಬಾಯಿ ತೆರೆದು ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು. ಗುಂಪಿನಲ್ಲಿ ಚಿಕ್ಕಪ್ಪಂದಿರೂ ಇದ್ದಾರೆ.

ಆರು ತಿಂಗಳು ಚೆನ್ನಾಗಿಯೇ ಇತ್ತು. ಹೋದ ಬೆಳೆಯಲ್ಲಿ ಹುಳು ಹಣ್ಣಾಗುವ ಹೊತ್ತಿಗೆ ಎರಡು ರಾತ್ರಿ ಅವನು ಮೂರು ಗಂಟೆ ಮಾತ್ರ ಮಲಗಿದ್ದಾನೆ ಎಂದು ವಾಚ್ ತೋರಿಸಿತು. ನಾನು ಗಾಬರಿಯಾಗಿ ಎಲ್ಲರಿಗೂ ಫೋನ್ ಮಾಡಿದೆ. ಚಿಕ್ಕಪ್ಪ ಬಂದು ಆಸ್ಪತ್ರೆಗೆ ನಡಿ ಎಂದು ಕೈ ಹಿಡಿದು ಎಳೆದರು. ಅವನು ವಾಚ್ ಬಿಚ್ಚಿ ಸೊಪ್ಪಿನ ರಾಶಿಗೆ ಎಸೆದ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಮಾತ್ರೆ ತಗೊಳ್ಳುತ್ತಿದ್ದಾನೆ ಎಂದು ಅಮ್ಮ ಹೇಳುತ್ತಾರೆ. ನಾವು ಮಾಡಿದ್ದು ತಪ್ಪಾ ಮೇಡಂ? ನಿಗಾ ಬಿಟ್ಟು ಮತ್ತೆ ಹೋದ ವರ್ಷದ ಹಾಗೆ ಆದರೆ? ಕಾಯಿಲೆ ತಿರುಗಿ ಬರುವುದನ್ನು ಮೊದಲೇ ಹೇಳುವ ಆ್ಯಪ್ ಬಂದಿದೆಯಂತೆ, ಅದನ್ನು ಹಾಕಬಹುದಾ?

ಒಬ್ಬ ಅಕ್ಕ, ಚಿಂತಾಮಣಿ

ಅಮ್ಮ, ನಿಗಾ ಬೇಡವೆಂದು ನಾನು ಹೇಳುವುದಿಲ್ಲ. ಈ ಕಾಯಿಲೆಯಲ್ಲಿ ಸುಳಿವು ಬೇಗ ಸಿಕ್ಕರೆ ಆಸ್ಪತ್ರೆ ಸೇರುವುದನ್ನೇ ಎಷ್ಟೋ ಸಲ ತಪ್ಪಿಸಬಹುದು. ಆದರೆ ನೀವು ಮಾಡಿಕೊಂಡಿರುವ ಏರ್ಪಾಡುಗಳಲ್ಲಿ ಕೆಲವನ್ನು ತೆಗೆಯಲೇಬೇಕು, ಉಳಿದದ್ದನ್ನು ತಮ್ಮನ ಕೈಗೆ ಒಪ್ಪಿಸಬೇಕು. ಬಾಗಿಲ ಕಡೆ ತಿರುಗಿದ ಕ್ಯಾಮೆರಾ, ಅವನಿಗೆ ಹೇಳದೆ ಹಾಕಿದ ಆ್ಯಪ್, ಬಾಯಿ ತೆರೆಸಿ ತೆಗೆಯುವ ಫೋಟೊ, ಮೂರೂ ಹೋಗಲಿ. ನಿದ್ದೆಯ ಲೆಕ್ಕ ಇರಲಿ, ಅದನ್ನು ಅವನೇ ಇಡಲಿ. ನೀವು ಇದನ್ನೆಲ್ಲ ಮಾಡಿದ್ದು ಅಕ್ಕರೆಯಿಂದ, ಹೋದ ವರ್ಷದ ಭಯದಿಂದ. ಬರೀ ತಪ್ಪು ಎಂದುಬಿಟ್ಟರೆ ಆ ಭಯ ಹಾಗೇ ಉಳಿಯುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿದ್ದೆಯ ಮೇಲೆ ಗಮನವಿರಲಿ ಎಂದು ಡಾಕ್ಟರು ಹೇಳಿದ್ದು ನೂರಕ್ಕೆ ನೂರು ಸರಿ. ಬೈಪೋಲಾರ್ ಇರುವ ಬಹಳ ಜನರಲ್ಲಿ ಮನಸ್ಸು ವಿಪರೀತ ಏರುವ ಮುಂಚೆ ಬದಲಾಗುವುದು ನಿದ್ದೆ. ನಿದ್ದೆಗೇಡು ಈ ಕಾಯಿಲೆಯ ಲಕ್ಷಣವೂ ಹೌದು, ಕಾಯಿಲೆಯನ್ನು ಕೆಣಕುವ ಕಾರಣವೂ ಹೌದು. ಹೊಸ ಮಗು ಹುಟ್ಟಿದ ಮನೆ, ಮದುವೆ ಮನೆ, ರಾತ್ರಿ ಪಾಳಿಯ ಕೆಲಸ, ದೂರದ ಪ್ರಯಾಣ, ಇವುಗಳಲ್ಲಿ ಯಾವುದಾದರೂ ಒಂದರ ಹಿಂದೆಯೇ ಕಾಯಿಲೆ ಮರುಕಳಿಸಿದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಹಾಗಾಗಿ ಎರಡು ರಾತ್ರಿ ಮೂರೇ ಗಂಟೆ ನಿದ್ದೆ ಎಂದು ಕಂಡಾಗ ನಿಮ್ಮ ಎದೆ ಧಸಕ್ಕೆಂದದ್ದು ಸಹಜ.

ಆದರೆ ಆ ಎರಡು ರಾತ್ರಿ ಯಾವುವು ಎಂದು ನೀವೇ ಬರೆದಿದ್ದೀರಿ. ಹುಳು ಹಣ್ಣಾದ ರಾತ್ರಿಗಳು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಎದ್ದ ಮೇಲಿನ ಆ ಒಂದು ವಾರ ಹುಳು ಮನೆಯಲ್ಲಿ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲನ್ನು ಆ ಹಂತದಲ್ಲೇ ತಿನ್ನುತ್ತದೆ. ಬೆಳಗಿನ ಜಾವ ಎದ್ದು ಸೊಪ್ಪು ಕೊಯ್ಯಬೇಕು, ಮಲಗುವ ಮುಂಚೆ ಮತ್ತೊಂದು ಸಲ ಹಾಕಬೇಕು. ಹಣ್ಣಾಗಲು ಶುರುವಾದರೆ ಹುಳು ಹೊತ್ತು ಗೊತ್ತು ನೋಡುವುದಿಲ್ಲ. ಮನೆಮಂದಿಯೆಲ್ಲ ಕೂತು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ತಡವಾದರೆ ಗೂಡು ಹಾಳು. ಆ ಎರಡು ರಾತ್ರಿ ನಿಮ್ಮ ಅಪ್ಪ ಎಷ್ಟು ಗಂಟೆ ಮಲಗಿದ್ದರು? ಅವರ ಕೈಗೂ ಆ ವಾಚ್ ಕಟ್ಟಿದ್ದರೆ ಅದೇ ಮೂರು ಗಂಟೆ ತೋರಿಸುತ್ತಿತ್ತು. ಅವರನ್ನು ಯಾರೂ ಕೈ ಹಿಡಿದು ಎಳೆಯುತ್ತಿರಲಿಲ್ಲ. ತಮ್ಮನಿಗೆ ಚುಚ್ಚಿದ್ದು ಇದೇ ಇರಬೇಕು. ಮನೆಯ ಬೆಳೆಗೆಂದು ಎಚ್ಚರವಿದ್ದವನಿಗೆ ಕಾಯಿಲೆಯ ಹೆಸರು ಹಚ್ಚಿದಿರಿ.

ಹಾಗಾದರೆ ದುಡಿಮೆಗೆ ಕೆಟ್ಟ ನಿದ್ದೆ ಯಾವುದು, ಕಾಯಿಲೆಯಿಂದ ಕೆಟ್ಟ ನಿದ್ದೆ ಯಾವುದು? ಗುರುತಿಸಲು ಮಾರನೇ ದಿನ ನೋಡಬೇಕು. ದುಡಿದು ನಿದ್ದೆಗೆಟ್ಟವನಿಗೆ ಕಣ್ಣು ಉರಿಯುತ್ತದೆ, ಸಿಡಿಮಿಡಿ ಮಾಡುತ್ತಾನೆ, ಸಿಕ್ಕ ಮೂಲೆಯಲ್ಲಿ ಒರಗಿ ನಿದ್ದೆ ತೆಗೆಯುತ್ತಾನೆ. ಮನಸ್ಸು ಏರುತ್ತಿರುವವನಿಗೆ ನಿದ್ದೆಯೇ ಬೇಕೆನಿಸುವುದಿಲ್ಲ. ಮೂರು ಗಂಟೆ ಮಲಗೆದ್ದು ಹತ್ತು ಗಂಟೆ ಮಲಗಿದವನಷ್ಟು ಚುರುಕಾಗಿರುತ್ತಾನೆ. ಮಾತಿನ ವೇಗ ಹೆಚ್ಚುತ್ತದೆ, ಒಂದು ಯೋಜನೆ ಮುಗಿಯುವ ಮುಂಚೆ ಇನ್ನೊಂದು ಹುಟ್ಟುತ್ತದೆ, ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ. ಮಣಿಕಟ್ಟಿನ ಯಂತ್ರ ಅಳೆಯುವುದು ಕೈಯ ಅಲುಗಾಟವನ್ನು, ನಾಡಿಬಡಿತವನ್ನು. ಅವೆರಡರಿಂದ ನಿದ್ದೆಯನ್ನು ಅಂದಾಜು ಮಾಡುತ್ತದೆ. ಅಲುಗಾಡದೆ ಮಲಗಿ ಚಾವಣಿ ನೋಡುತ್ತಿದ್ದವನನ್ನು ಎಷ್ಟೋ ಸಲ ನಿದ್ದೆಯಲ್ಲಿದ್ದಾನೆ ಎಂದೇ ಬರೆದುಕೊಳ್ಳುತ್ತದೆ. ಎಚ್ಚರವಿದ್ದವನು ಯಾಕೆ ಎಚ್ಚರವಿದ್ದ ಎಂಬುದಂತೂ ಅದಕ್ಕೆ ತಿಳಿಯುವ ವಿಷಯವೇ ಅಲ್ಲ. ಮೂರು ನಾಲ್ಕು ವಾರದ ಏರಿಳಿತ ನೋಡುವುದಕ್ಕೆ ಅದು ಉಪಯೋಗಕ್ಕೆ ಬರುತ್ತದೆ. ಒಂದು ರಾತ್ರಿಯ ಅಂಕಿ ಹಿಡಿದು ತೀರ್ಪು ಕೊಡಲು ಬರುವುದಿಲ್ಲ.

ಹಾಗೆಂದು ಆ ಎರಡು ರಾತ್ರಿಗಳನ್ನು ನಿರ್ಲಕ್ಷಿಸಿ ಎನ್ನುತ್ತಿಲ್ಲ. ಕಾರಣ ಬೆಳೆಯೇ ಆದರೂ ನಿದ್ದೆಗೇಡು ಅವನಿಗೆ ಅಪಾಯವೇ. ಇಲ್ಲಿ ಬದಲಾಗಬೇಕಾದದ್ದು ಹುಳು ಮನೆಯ ಕೆಲಸದ ಹಂಚಿಕೆ. ಕೊನೆಯ ವಾರದಲ್ಲಿ ರಾತ್ರಿಯ ಸೊಪ್ಪು ಅಪ್ಪನದೋ ಕೂಲಿಯವರದೋ ಆಗಲಿ, ಬೆಳಗಿನದು ತಮ್ಮನದಾಗಲಿ. ಚಂದ್ರಿಕೆಗೆ ಬಿಡುವ ರಾತ್ರಿ ಒಬ್ಬ ಆಳು ಹೆಚ್ಚಿಗೆ ಬರಲಿ, ಅವನು ಮಾಮೂಲಿ ಹೊತ್ತಿಗೆ ಮಲಗಲಿ. ಆಳಿನ ಕೂಲಿಯನ್ನು ಔಷಧಿಯ ಖರ್ಚೆಂದೇ ಲೆಕ್ಕ ಹಾಕಿ. ಮುಂದಿನ ಸಲ ಡಾಕ್ಟರನ್ನು ಕಂಡಾಗ ಮನೆಯಲ್ಲಿ ಯಾವ ಯಾವ ತಿಂಗಳು ಬೆಳೆ ಇರುತ್ತದೆ, ಕೊನೆಯ ವಾರ ಹೇಗಿರುತ್ತದೆ ಎಂದು ಅವರಿಗೂ ಹೇಳಿ. ನಗರದಲ್ಲಿ ಕೂತವರಿಗೆ ಇದು ತಾನಾಗಿ ಹೊಳೆಯುವುದಿಲ್ಲ. ತಿಳಿದರೆ ಆ ವಾರಕ್ಕೆ ತಕ್ಕ ಸಲಹೆ ಕೊಡುತ್ತಾರೆ.

ಇನ್ನು ನೀವು ಕೇಳಿದ ಆ್ಯಪ್ ವಿಚಾರ. ನೀವು ಕೇಳಿರುವುದು ಸುಳ್ಳಲ್ಲ. ನಮ್ಮ ನಿಮ್ಹಾನ್ಸ್ ಸೇರಿದಂತೆ ಬಾಸ್ಟನ್, ಭೋಪಾಲ್ ಮತ್ತು ಬೆಂಗಳೂರು, ಮೂರು ಊರುಗಳಲ್ಲಿ ಶಾರ್ಪ್ ಎಂಬ ಸಂಶೋಧನೆ ನಡೆಯಿತು. ಅದು ಬೈಪೋಲಾರ್‌ನದ್ದಲ್ಲ, ಸ್ಕಿಜೋಫ್ರೇನಿಯಾ ಇರುವವರದು. ಅವರ ಒಪ್ಪಿಗೆ ಪಡೆದು, ಮೊಬೈಲಿನ ಮೂಲಕ ಓಡಾಟ, ನಿದ್ದೆಯ ಅಂದಾಜು, ಸಣ್ಣ ಸಣ್ಣ ಪ್ರಶ್ನೆಗಳಿಗೆ ಅವರೇ ಕೊಟ್ಟ ಉತ್ತರ, ಇವನ್ನು ತಿಂಗಳುಗಟ್ಟಲೆ ಕೂಡಿಹಾಕಿ ನೋಡಿದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಾಯಿಲೆ ಮರುಕಳಿಸುವ ಮುಂಚಿನ ತಿಂಗಳಲ್ಲಿ ಮಾಮೂಲಿ ವರ್ತನೆಗಿಂತ ಬೇರೆಯಾದ ದಾಖಲೆಗಳು ಸುಮಾರು ಎರಡು ಪಟ್ಟು ಹೆಚ್ಚು ಕಂಡವು. ಇದು ಸಣ್ಣ ವಿಷಯವಲ್ಲ, ಮುಂದೆ ಇದರಿಂದ ಬಹಳ ಒಳ್ಳೆಯದಾಗಬಹುದು. ಆದರೆ ಎರಡು ಪಟ್ಟು ಎಂದರೆ ಏನು ಅರ್ಥ ನೋಡಿ. ಏನೂ ಆಗದ ತಿಂಗಳುಗಳಲ್ಲೂ ಅಂಥ ದಾಖಲೆ ಬರುತ್ತಲೇ ಇದ್ದವು. ಒಂದು ಗಂಟೆ ಬಾರಿಸಿದ ಕೂಡಲೇ ಕಾಯಿಲೆ ಬಂತು ಎಂದು ಹೇಳುವ ಮಟ್ಟಕ್ಕೆ ಇದು ಇನ್ನೂ ಮುಟ್ಟಿಲ್ಲ. ಇನ್ನೊಂದು ಮುಖ್ಯ ಮಾತು, ಅಲ್ಲಿ ತಮ್ಮ ಫೋನು ಏನೇನು ದಾಖಲಿಸುತ್ತಿದೆ ಎಂದು ಪ್ರತಿಯೊಬ್ಬ ರೋಗಿಗೂ ಗೊತ್ತಿತ್ತು. ಸಂಶೋಧನೆ ಶುರುವಾಗುವ ಮುಂಚೆ ರೋಗಿಗಳನ್ನೂ ಮನೆಯವರನ್ನೂ ಕೂರಿಸಿ ಇದು ನಿಮಗೆ ಸರಿ ಕಾಣುತ್ತದೆಯೇ ಎಂದು ಕೇಳಿದ್ದರು. ನಿಮ್ಮ ಮನೆಯಲ್ಲಿ ಆಗದೇ ಹೋದದ್ದು ಅಷ್ಟೇ.

ಪ್ಲೇಸ್ಟೋರಿನಲ್ಲಿ ಸಿಗುವ ಮನಸ್ಸಿನ ಆ್ಯಪ್‌ಗಳು ಬೇರೆ ಮಾತು. ಅವುಗಳಲ್ಲಿ ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ತಮ್ಮನ ವಿವರ ತುಂಬಬೇಡಿ. ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಎಂಬ ದೊಡ್ಡ ಕಂಪನಿ ತನ್ನ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್ಕಿನಂಥ ಕಂಪನಿಗಳಿಗೆ ಜಾಹೀರಾತಿಗಾಗಿ ಕೊಟ್ಟಿತೆಂಬ ಆರೋಪದ ಮೇಲೆ 2023ರಲ್ಲಿ 78 ಲಕ್ಷ ಡಾಲರ್ ತೆರಬೇಕಾಯಿತು. ಫಿನ್ಲೆಂಡಿನಲ್ಲಿ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಕಡತಗಳನ್ನು ಕದ್ದವನು 2020ರಲ್ಲಿ ಒಬ್ಬೊಬ್ಬ ರೋಗಿಗೂ ಪತ್ರ ಕಳಿಸಿ, ಹಣ ಕೊಡದಿದ್ದರೆ ನೀನು ಚಿಕಿತ್ಸಕರ ಹತ್ತಿರ ಹೇಳಿಕೊಂಡದ್ದನ್ನೆಲ್ಲ ಬಯಲು ಮಾಡುತ್ತೇನೆ ಎಂದು ಬೆದರಿಸಿದ. ಅಷ್ಟು ವ್ಯವಸ್ಥೆ ಇರುವ ದೇಶಗಳಲ್ಲೇ ಹೀಗಾಗಿದೆ.

ಮಾತ್ರೆಯ ಫೋಟೊ ಬಗ್ಗೆ ನನಗೆ ಹೆಚ್ಚು ಸಂಕಟವಾಯಿತು. ಇಪ್ಪತ್ತಾರರ ಹುಡುಗ ದಿನಾ ಬಾಯಿ ತೆರೆದು ನಿಂತು ಚಿಕ್ಕಪ್ಪಂದಿರಿಗೆ ತೋರಿಸಬೇಕು. ಅವನ ಜಾಗದಲ್ಲಿ ನಿಮ್ಮನ್ನು ಇಟ್ಟು ನೋಡಿ. ಇದನ್ನು ಇನ್ನೂ ಚೆನ್ನಾಗಿ ಯಂತ್ರದಿಂದ ಮಾಡಲು ಹೊರಟವರೂ ಇದ್ದರು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಳಗೇ ಸಣ್ಣ ಸಂವೇದಕವಿರುವ ಮಾತ್ರೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಮಾತ್ರೆ ಹೊಟ್ಟೆ ಸೇರಿದ ಸುದ್ದಿ ಮೈಗೆ ಅಂಟಿಸಿದ ಪಟ್ಟಿಗೆ, ಅಲ್ಲಿಂದ ಫೋನಿಗೆ ಮುಟ್ಟುತ್ತಿತ್ತು. ಅದರಿಂದ ಜನ ಮಾತ್ರೆಯನ್ನು ಹೆಚ್ಚು ಸರಿಯಾಗಿ ತೆಗೆದುಕೊಳ್ಳುತ್ತಾರೆ ಎಂಬುದು ಸಾಬೀತಾಗಿಲ್ಲ ಎಂದು ಒಪ್ಪಿಗೆ ಕೊಟ್ಟಾಗಲೇ ಆ ಸಂಸ್ಥೆ ಹೇಳಿತ್ತು. ಸಂವೇದಕ ತಯಾರಿಸಿದ ಕಂಪನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿತು.

ನಿಮ್ಮ ತಮ್ಮ ತೆಗೆದುಕೊಳ್ಳುತ್ತಿರುವುದು ಲಿಥಿಯಂ ಆಗಿರುವುದರಿಂದ ನಿಮಗೆ ಫೋಟೊಗಿಂತ ಎಷ್ಟೋ ನಂಬಿಕಸ್ಥ ದಾರಿಯೊಂದಿದೆ, ರಕ್ತಪರೀಕ್ಷೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆಂದು ಪ್ರಕಟಿಸಿದರು. ಅದರ ಮಟ್ಟವನ್ನು ರಕ್ತದಲ್ಲಿ ಅಳೆದು ಕೊಡುವ ಕ್ರಮ ನೆಲೆಯಾದ ಮೇಲೆಯೇ ಅದು ನಿಶ್ಚಿಂತೆಯಿಂದ ಬಳಸುವ ಔಷಧಿಯಾದದ್ದು. ಮಟ್ಟ ಕಡಿಮೆಯಾದರೆ ಮಾತ್ರೆ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ವಿಷವಾಗುತ್ತದೆ. ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ 0.6ರಿಂದ 1.0ರ ಆಸುಪಾಸಿನಲ್ಲಿ ಇರಿಸಲು ನೋಡುತ್ತಾರೆ, ಅವನಿಗೆ ಎಷ್ಟಿರಬೇಕೆಂಬುದು ಅವನ ಡಾಕ್ಟರು ಹೇಳುವ ಮಾತು. ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನ ಮಾತ್ರೆ ಇದ್ದರೆ ಅದನ್ನು ನುಂಗುವ ಮುಂಚೆ ರಕ್ತ ಕೊಡಬೇಕು. ಹೊತ್ತು ಹೆಚ್ಚುಕಡಿಮೆಯಾದರೆ ಅಂಕಿ ದಾರಿ ತಪ್ಪಿಸುತ್ತದೆ. ಸ್ಥಿರವಾಗಿದ್ದಾಗ ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ, ಜೊತೆಗೆ ಮೂತ್ರಪಿಂಡ ಮತ್ತು ಥೈರಾಯಿಡ್ ಪರೀಕ್ಷೆಯೂ ಇರುತ್ತದೆ. ಕೊನೆಯ ಸಲ ಯಾವಾಗ ಮಾಡಿಸಿದಿರಿ? ನಿಮ್ಮ ಕಾಗದದಲ್ಲಿ ವಾಚ್ ಇದೆ, ಕ್ಯಾಮೆರಾ ಇದೆ, ಇದರ ಮಾತೇ ಇಲ್ಲ.

ಲಿಥಿಯಂ ಇರುವವರಿಗೆ ನಮ್ಮ ಈ ಒಣ ಸೀಮೆಯ ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬಿಸಿಲಲ್ಲಿ ಸೊಪ್ಪು ಕೊಯ್ದು ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ ಭೇದಿಯಾದರೂ ಹಾಗೇ. ಉಪ್ಪನ್ನು ಒಮ್ಮೆಲೇ ಬಿಡುವುದೂ ಕೂಡದು. ಹೊರೆ ಹೊತ್ತು ಸೊಂಟ ಹಿಡಿದಾಗ ಮೆಡಿಕಲ್ ಸ್ಟೋರಿಗೆ ಹೋಗಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ತಂದು ನುಂಗುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ಅವೂ ಲಿಥಿಯಂ ಮಟ್ಟ ಏರಿಸುತ್ತವೆ, ಡಾಕ್ಟರನ್ನು ಕೇಳದೆ ಬೇಡ. ಕೈ ನಡುಕ ಜೋರಾಯಿತು, ಮಾತು ತೊದಲುತ್ತಿದೆ, ನಡೆದರೆ ತೂರಾಡುತ್ತಾನೆ, ವಾಂತಿ ಭೇದಿ ನಿಲ್ಲುತ್ತಿಲ್ಲ ಎಂದರೆ ಮುಂದಿನ ಮಾತ್ರೆ ಕೊಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೋದ ಕೂಡಲೇ ಲಿಥಿಯಂ ತೆಗೆದುಕೊಳ್ಳುತ್ತಿದ್ದಾನೆ ಎಂದು ಹೇಳಿ.

ಗುಟ್ಟಾಗಿ ನೋಡುವುದು ಯಾಕೆ ಬೇಡ ಎಂದರೆ, ಅದರಿಂದ ಸಿಗುವ ಸುಳಿವೇ ಕೆಡುತ್ತದೆ. ಕ್ಯಾಮೆರಾ ಇದೆ ಎಂದು ಗೊತ್ತಾದವನು ರಾತ್ರಿ ಎಚ್ಚರವಾದರೂ ಕೋಣೆಯಿಂದ ಹೊರಗೆ ಬರುವುದಿಲ್ಲ. ಫೋನು ಪತ್ತೆ ಕೊಡುತ್ತದೆ ಎಂದು ತಿಳಿದವನು ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಯಾಕೋ ಎರಡು ದಿನದಿಂದ ತಲೆ ಓಡುತ್ತಿದೆ ಅಕ್ಕ ಎಂದು ಅವನು ನಿಮಗೆ ತಾನಾಗಿ ಹೇಳುವುದು ಜಗತ್ತಿನ ಯಾವ ಯಂತ್ರ ಕೊಡುವ ಸುಳಿವಿಗಿಂತಲೂ ಮುಂಚಿನದು. ಆ ದಾರಿ ಈಗ ಮುಚ್ಚಿದೆ. ಅದನ್ನು ತೆರೆಯುವುದೇ ನಿಮ್ಮ ಮೊದಲ ಕೆಲಸ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಸಂಗಡಿಗರು ಆಸ್ಪತ್ರೆಯಿಂದ ಮನೆಗೆ ಮರಳಿದ ಸ್ಕಿಜೋಫ್ರೇನಿಯಾ ರೋಗಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಒಂದು ಮಾತು ತೋರಿಸಿಕೊಟ್ಟರು. ಸದಾ ಟೀಕೆ, ಸಿಡುಕು, ಎಲ್ಲದರಲ್ಲೂ ತಲೆಹಾಕುವ ಅತಿ ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತದೆ. ಬೈಪೋಲಾರ್‌ನಲ್ಲೂ ಆಮೇಲೆ ಅದೇ ಕಂಡುಬಂತು. ಅತಿ ಕಾಳಜಿಯೂ ಆ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಿ.

ಕಾನೂನೂ ಹೀಗೇ ಯೋಚಿಸುತ್ತದೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯ್ದೆ, ಮಾನಸಿಕ ಕಾಯಿಲೆ ಇರುವವರಿಗೆ ತಮ್ಮ ಕಾಯಿಲೆಯ ವಿಷಯ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಕಂಪ್ಯೂಟರಿನಲ್ಲಿ, ಜಾಲದಲ್ಲಿ ಇರುವ ಮಾಹಿತಿಗೂ ಆ ಹಕ್ಕು ಅನ್ವಯವಾಗುತ್ತದೆ ಎಂದು ಬಿಡಿಸಿ ಹೇಳಿದೆ. ಆ ಕಟ್ಟಳೆ ಮುಖ್ಯವಾಗಿ ಡಾಕ್ಟರಿಗೆ, ಆಸ್ಪತ್ರೆಗೆ ಇರುವುದು, ನಿಮ್ಮನ್ನು ಯಾರೂ ಕೋರ್ಟಿಗೆ ಎಳೆಯುತ್ತಾರೆಂದು ಹೆದರಬೇಡಿ. ಆದರೆ ಡಾಕ್ಟರೇ ಹೊರಗೆ ಹೇಳಬಾರದ ವಿಷಯವನ್ನು ನಾವು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಬಹುದೇ? ನಾಳೆ ಅವನಿಗೆ ಹೆಣ್ಣು ನೋಡುವ ಕಾಲ ಬರುತ್ತದೆ, ಕೆಲಸ ಹುಡುಕುವ ಕಾಲ ಬರುತ್ತದೆ. ಆ ಫೋಟೊಗಳು ಯಾರ ಯಾರ ಫೋನಿನಲ್ಲಿ ಉಳಿದಿವೆಯೋ ನಿಮಗೂ ಗೊತ್ತಿಲ್ಲ. ಗುಂಪಿನಲ್ಲಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಅಳಿಸಿ ಎಂದು ಕೇಳಿಕೊಳ್ಳಿ. ಚಿಕ್ಕಪ್ಪಂದಿರಿಗೆ ಬೇಸರವಾದರೆ ಆಗಲಿ.

ಅವನ ಹತ್ತಿರ ಹೇಗೆ ಮಾತು ಶುರು ಮಾಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳೆ ಮುಗಿದು, ಗೂಡು ಮಾರುಕಟ್ಟೆಗೆ ಹೋಗಿ, ಮನೆ ಸ್ವಲ್ಪ ತಣ್ಣಗಾದ ಮೇಲೆ ತವರಿಗೆ ಹೋಗಿ. ಒಬ್ಬರೇ ಹೋಗಿ, ಯಜಮಾನರು ಬೇಡ. ಆ್ಯಪನ್ನು ಅವನ ಎದುರಿಗೇ ತೆಗೆದುಹಾಕಿ, ಇಲ್ಲವೆ ಅವನೇ ತೆಗೆಯಲಿ. ನಿನಗೆ ಹೇಳದೆ ಹಾಕಿದೆವು, ಅದು ತಪ್ಪಾಯಿತು, ಹೋದ ವರ್ಷ ನಿನ್ನನ್ನು ನೋಡಿ ನನಗೆ ಬಹಳ ಭಯವಾಗಿತ್ತು ಎಂದಷ್ಟೇ ಹೇಳಿ. ಆದರೆ ನೀನೂ ಎಂದು ಮಾತು ಮುಂದುವರಿಸಬೇಡಿ. ಅವನು ಅವತ್ತೇ ಮಾತಾಡದಿದ್ದರೂ ಸರಿ, ಇನ್ನೊಂದು ಸಲ ಹೋಗಿ.

ಮಾತು ಕೂಡಿದ ಮೇಲೆ ಇಬ್ಬರೂ ಕೂತು ಒಂದು ಕಾಗದ ಬರೆಯಿರಿ. ಬರೆಯುವವನು ಅವನು. ಹೋದ ವರ್ಷ ಕಾಯಿಲೆ ಜೋರಾಗುವ ಮುಂಚಿನ ಎರಡು ಮೂರು ವಾರದಲ್ಲಿ ಏನೇನಾಗಿತ್ತು ಎಂದು ಅವನು ನೆನೆಸಿಕೊಳ್ಳಲಿ, ಮರೆತದ್ದನ್ನು ನೀವು ಹೇಳಿ. ಹೊತ್ತಲ್ಲದ ಹೊತ್ತಿನ ಫೋನು, ರೀಲಿಂಗ್ ಯಂತ್ರದ ಮಾತು, ಸಾಲದ ಓಡಾಟ, ಇವು ಯಾವ ಕ್ರಮದಲ್ಲಿ ಬಂದವು? ಬಹಳ ಜನರಲ್ಲಿ ಈ ಕ್ರಮ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಇದನ್ನು ಯಾವ ಕಂಪನಿಯ ಆ್ಯಪೂ ಮೊದಲೇ ತಿಳಿದಿರುವುದಿಲ್ಲ, ನಿಮ್ಮ ಮನೆಯಲ್ಲೇ ಇದೆ. ಆಮೇಲೆ ಅವನು ತೀರ್ಮಾನ ಮಾಡಲಿ. ಇವುಗಳಲ್ಲಿ ಯಾವುದು ಕಂಡರೆ ಯಾರು ಹೇಳಬೇಕು, ಹೇಗೆ ಹೇಳಬೇಕು, ಯಾವುದು ಕಂಡರೆ ಡಾಕ್ಟರಿಗೆ ಫೋನ್ ಮಾಡಬಹುದು. ಅಕ್ಕ ಹೇಳಲಿ, ಚಿಕ್ಕಪ್ಪ ಬೇಡ ಎಂದು ಅವನು ಬರೆದರೆ ಅದೇ ನಡೆಯಲಿ. ಕಾಯಿಲೆ ಏರಿದಾಗ ತನಗೆ ಕಾಯಿಲೆಯಿದೆ ಎಂದೇ ಅನಿಸುವುದಿಲ್ಲ, ಅದಕ್ಕೇ ಚೆನ್ನಾಗಿರುವಾಗ ತಾನೇ ಬರೆದ ಮಾತಿಗೆ ಬೆಲೆ. ಇದನ್ನೇ ಕಾನೂನಿನ ರೂಪದ ಮುಂಗಡ ನಿರ್ದೇಶನವಾಗಿ ಬರೆದಿಡಲೂ, ತನ್ನ ಪರವಾಗಿ ಮಾತಾಡಲು ತನಗೆ ನಂಬಿಕೆಯಿರುವ ಒಬ್ಬರನ್ನು ಪ್ರತಿನಿಧಿಯಾಗಿ ಹೆಸರಿಸಲೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿದರೆ ಹೇಗೆಂದು ತಿಳಿಸುತ್ತಾರೆ.

ದಿನದ ಲೆಕ್ಕಕ್ಕೆ ಒಂದು ನೋಟ್‌ಬುಕ್ ಸಾಕು, ಅವನಿಗೆ ಫೋನಿನಲ್ಲಿ ಬರೆಯುವುದೇ ಇಷ್ಟವಾದರೆ ಅಲ್ಲೇ ಬರೆಯಲಿ. ದಿನಕ್ಕೊಂದು ಸಾಲು. ಎಷ್ಟು ಹೊತ್ತಿಗೆ ಮಲಗಿದ, ಎಷ್ಟಕ್ಕೆ ಎದ್ದ, ಎದ್ದಾಗ ಸುಸ್ತಿತ್ತೋ ಇಲ್ಲವೋ, ಮಾತ್ರೆ ಆಯಿತೇ, ಮನಸ್ಸು ಕುಗ್ಗಿದೆಯೋ ಸಮವಾಗಿದೆಯೋ ಏರಿದೆಯೋ. ನಿಮ್ಮ ಮನೆಗೆಂದೇ ಇನ್ನೊಂದು ಕಾಲಂ ಸೇರಿಸಿ, ಹುಳು ಎಷ್ಟನೇ ಜ್ವರ. ಆ ಒಂದು ಕಾಲಂ ಇದ್ದರೆ ಎರಡು ರಾತ್ರಿಯ ಮೂರು ಗಂಟೆ ನಿದ್ದೆಯನ್ನು ಓದುವ ರೀತಿಯೇ ಬದಲಾಗುತ್ತದೆ. ವಾಚ್ ಮತ್ತೆ ಕಟ್ಟಿಕೊಳ್ಳುತ್ತೇನೆ ಎಂದು ಅವನೇ ಹೇಳಿದರೆ ಕಟ್ಟಿಕೊಳ್ಳಲಿ, ಆದರೆ ಅದರ ಲೆಕ್ಕ ಅವನ ಫೋನಿಗೆ ಹೋಗಲಿ. ವಾರಕ್ಕೊಮ್ಮೆ ತಾನಾಗಿ ನಿಮಗೆ ತೋರಿಸಲಿ, ತೋರಿಸದ ವಾರ ಜಗಳ ಬೇಡ. ಮನೆಯಲ್ಲಿ ತೆಲುಗು ಮಾತಾಡುವವರಾದರೆ ತೆಲುಗಿನಲ್ಲೇ ಬರೆಯಲಿ. ಡಾಕ್ಟರಿಗೆ ಓದಿ ಹೇಳಿದರಾಯಿತು.

ಇದರಲ್ಲಿ ಹೊಸದೇನೂ ಇಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಸರಳ ದಾಖಲೆ ಇಟ್ಟುಕೊಂಡು ರೋಗಿಗಳ ಬೆನ್ನಿಗೆ ನಿಲ್ಲುವ ಕ್ರಮ ಮಾಡಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದೇ ಮಾದರಿಯ ಮೇಲೆ ನಿಂತಿದೆ. ಈಗ ಅದೇ ದಾಖಲೆ ಕಂಪ್ಯೂಟರಿಗೆ ಬಂದಿದೆ. ಬೆಂಗಳೂರಿನ ಐಐಐಟಿಯವರು ನಿಮ್ಹಾನ್ಸ್ ಜೊತೆ ಸೇರಿ ಕಟ್ಟಿದ ಇ-ಮನಸ್ ವ್ಯವಸ್ಥೆಯನ್ನು ನಮ್ಮ ಸರ್ಕಾರ 2020ರಲ್ಲಿ ಶುರು ಮಾಡಿತು. ಯಂತ್ರದ ಸಹಾಯ ಇಂಥ ಕಡೆ ನನಗೆ ತುಂಬ ಸಂತೋಷ ಕೊಡುತ್ತದೆ, ಯಾಕೆಂದರೆ ಪ್ರತಿ ಸಲ ಹೊಸ ಡಾಕ್ಟರಿಗೆ ಮೊದಲಿನಿಂದ ಕಥೆ ಹೇಳುವ ಕಷ್ಟ ರೋಗಿಗೆ ತಪ್ಪಬೇಕು.

ಪ್ರತಿ ತಿಂಗಳೂ ಬೆಂಗಳೂರಿಗೆ ಹೋಗುವುದು ಕಷ್ಟವಾದರೆ ಜಿಲ್ಲೆಯೊಳಗೇ ದಾರಿಗಳಿವೆ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಮಾಡಿದ್ದಾರೆ. ಶಿಡ್ಲಘಟ್ಟಕ್ಕೆ ಯಾವ ಮಂಗಳವಾರ, ಚಿಂತಾಮಣಿಗೆ, ಗೌರಿಬಿದನೂರಿಗೆ ಯಾವುದು ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಡಾಕ್ಟರು ವಿಡಿಯೊ ಕರೆಯಲ್ಲೂ ನೋಡಿ ಮಾತ್ರೆ ಬರೆದುಕೊಡಬಹುದು, ಅವನ ಡಾಕ್ಟರು ಒಪ್ಪುತ್ತಾರೆಯೇ ಕೇಳಿ. ವಿಡಿಯೊದಲ್ಲಿ ಮಾತಾಡುವಾಗ ಅವನನ್ನು ಒಬ್ಬನನ್ನೇ ಬಿಡಿ. ಮನೆಯೊಳಗೆ ಅದು ಆಗದಿದ್ದರೆ, ಸಿಗ್ನಲ್ ಸಿಗುವ ಕಡೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತು ಮಾತಾಡಲಿ. ನಿಮ್ಮ ಮಾತು ಹೇಳಬೇಕಿದ್ದರೆ ಅವನು ಕರೆದಾಗ ಕೊನೆಯ ಐದು ನಿಮಿಷ ಸೇರಿಕೊಳ್ಳಿ. ರಕ್ತಪರೀಕ್ಷೆಯನ್ನು ಚಿಕ್ಕಬಳ್ಳಾಪುರದಲ್ಲೇ ಮಾಡಿಸಿ ಫಲಿತಾಂಶವನ್ನು ಕಳಿಸಿಕೊಡಬಹುದೇ ಎಂದೂ ಕೇಳಿ.

ನಿಮ್ಮ ಬಗ್ಗೆ ಒಂದು ಮಾತು. ತಮ್ಮನ ನಿದ್ದೆಯ ಲೆಕ್ಕ ನಿಮ್ಮ ಫೋನಿಗೆ ಬರುತ್ತಿತ್ತು ಎಂದರೆ ಅದನ್ನು ನೋಡಲು ನೀವೂ ನಡುರಾತ್ರಿ ಎದ್ದಿದ್ದೀರಿ. ಎರಡು ವಾರದಿಂದ ನಿಮಗೂ ನಿದ್ದೆ ಇಲ್ಲ, ಊಟ ರುಚಿಸುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಿದ್ದರೆ ಅದನ್ನು ಅವನ ಕಾಯಿಲೆಯ ಬಾಲ ಎಂದುಕೊಂಡು ಸುಮ್ಮನಿರಬೇಡಿ. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಅಲ್ಲಿಗೆ ಕಾಯಿಲೆ ಇರುವವರೇ ಫೋನ್ ಮಾಡಬೇಕೆಂದಿಲ್ಲ.

ಕಾಯದೆ ಹೊರಡಬೇಕಾದ ಹೊತ್ತೂ ಇರುತ್ತದೆ, ಅದನ್ನು ಇಬ್ಬರೂ ಕೂತು ಬರೆದ ಆ ಕಾಗದದ ಕೊನೆಗೆ ತಮ್ಮನ ಕೈಯಲ್ಲೇ ಬರೆಸಿ. ಬೆಳೆ ಇಲ್ಲದ ದಿನಗಳಲ್ಲೂ ಎರಡು ರಾತ್ರಿ ನಿದ್ದೆಯಿಲ್ಲ, ಆದರೂ ಸುಸ್ತಿಲ್ಲ, ಮಾತು ನಿಲ್ಲುತ್ತಿಲ್ಲ ಎಂದರೆ ಅವತ್ತೇ ಡಾಕ್ಟರಿಗೆ ಫೋನು. ಸಾಯುವ ಮಾತಾಡಿದರೆ, ತನಗೋ ಬೇರೆಯವರಿಗೋ ಕೈ ಮಾಡುವ ಹಾಗೆ ಕಂಡರೆ, ಅವನು ಬೇಡವೆಂದರೂ ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ 108. ಆಗ ಜೊತೆಗೆ ಹೋಗುವವರು ಯಾರು ಎಂಬುದನ್ನೂ ಈಗಲೇ ಅವನನ್ನು ಕೇಳಿ ಬರೆದಿಟ್ಟುಕೊಳ್ಳಿ.